ಬೆಕ್ಕಿನ ಮೀನು

ಸೋಣ ತಿಂಗಳು ಹುಟ್ಟಿದ ಮೇಲೆ ಮಳೆಗೆ ಸ್ವಲ್ಪ ನಾಚಿಕೆ ಬಂದಿತ್ತು. ಬೆಳಿಗ್ಗೆ ಒಂದು ಸುತ್ತು ಹೊಯ್ದು, ಹೆಂಗಸರು ಹೊಸ್ತಿಲಿಗೆ ಹೂವಿಟ್ಟು ಏಳುವಷ್ಟರಲ್ಲಿ ನಿಂತು, ಹೇಳಲು ಮರೆತ ಮಾತು ನೆನಪಾಗಿ ತಿರುಗಿ ಬಂದವರಂತೆ ಊಟದ ಹೊತ್ತಿಗೆ ಇನ್ನೊಮ್ಮೆ ಬಂದುಹೋಗುತ್ತಿತ್ತು. ಮರವಂತೆಯ ಕಡಲಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಹೆದ್ದಾರಿಯ ಆಚೆ ಕಲ್ಲಿನ ಮೇಲೆ ಅದು ಬಡಿಯುವ ಸದ್ದು, ಈಚೆ ಹೊಳೆಬದಿಯ ಬಲೆ ಶೆಡ್ಡಿನಲ್ಲಿ ಕೂತವರ ಮಾತನ್ನು ಆಗಾಗ ನುಂಗಿಹಾಕುತ್ತಿತ್ತು.

ಶೆಡ್ಡಿನಲ್ಲಿ ಗೋವರ್ಧನ ಬಲೆ ಸರಿಮಾಡುತ್ತಿದ್ದ. ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಕತ್ತರಿಸಿ ತೆಗೆದು, ಹೊಸ ದಾರ ಸುತ್ತಿದ ಸೂಜಿಯಿಂದ ಒಂದೊಂದೇ ಗಂಟು ಹಾಕುತ್ತಾ ಹೋಗುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಐವತ್ತು ದಾಟಿದ ಮನುಷ್ಯ. ಎದುರಿಗೆ ಕೂತ ಶೀನ ಅದೇ ದೋಣಿಯ ಪಾಲುದಾರ. ಅವನ ಬಾಯಿ ಕೈಗಿಂತ ಚುರುಕು. ಕಡಲು ಇಳಿಯುವುದರೊಳಗೆ ಬಲೆ ಆಗಬೇಕಿತ್ತು.

ಮೀನಿನ ವಾಸನೆ ಕುಡಿದ ಬಲೆಯೆಂದರೆ ಇಲಿಗಳಿಗೆ ಮದುವೆಯೂಟ. ಒಂದು ರಾತ್ರಿ ಕಣ್ಣು ತಪ್ಪಿಸಿದರೆ ವಾರದ ಕೆಲಸ ಹಾಳು. ಅದಕ್ಕೆ ಆ ಓಣಿಯವರು ತಮ್ಮೊಳಗೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬಲೆ ಶೆಡ್ಡು ಸೇರಿದ ಕೂಡಲೇ, ಒಳ್ಳೆಯ ಬೆಕ್ಕಿರುವ ಮನೆಯಿಂದ ಬೆಕ್ಕನ್ನು ಕಡ ತರುವುದು. ಅದಕ್ಕೆ ಬಾಡಿಗೆಯಿಲ್ಲ. ತಂದ ಹಾಗೆಯೇ ತಿರುಗಿ ಒಪ್ಪಿಸಬೇಕು, ಮತ್ತು ದೋಣಿ ಇಳಿದ ಮೊದಲ ದಿನ ಬಲೆಗೆ ಬಿದ್ದದ್ದರಲ್ಲಿ ಒಂದು ಒಳ್ಳೆಯ ಮೀನನ್ನು, ಕೊಯ್ಯದೆ, ಇಡಿಯಾಗಿ, ಆ ಮನೆಗೆ ಮುಟ್ಟಿಸಬೇಕು. ಅದಕ್ಕೆ ಬೆಕ್ಕಿನ ಮೀನು ಎನ್ನುತ್ತಿದ್ದರು.

ಗೋವರ್ಧನ ಕಡ ತರುವುದು ಪಕ್ಕದ ಮನೆಯ ಜಲಜಕ್ಕನ ಚಟ್ಲಿಯನ್ನು. ಮೀನು ಮಾರುವ ಜಲಜಕ್ಕನ ಬುಟ್ಟಿಯೊಳಗೆ ಒಂದು ದಿನ ಸಿಗಡಿಯ ಹಾಗೆ ಸುರುಟಿಕೊಂಡು ಮಲಗಿದ್ದ ಕೆಂಚು ಮರಿ ಅದು. ಸಿಗಡಿಗೆ ಆ ಕಡೆ ಚಟ್ಲಿ ಎಂದೇ ಹೆಸರು, ಬೇರೆ ಹುಡುಕುವ ಕೆಲಸವೇ ಇರಲಿಲ್ಲ. ಇಲಿ ಹಿಡಿಯುವುದರಲ್ಲಿ ಅದನ್ನು ಮೀರಿಸುವ ಬೆಕ್ಕು ಹೊಳೆಯ ಈ ದಡದಲ್ಲಿ ಇರಲಿಲ್ಲ. ಹೋದ ವರ್ಷ ಮೊದಲ ದಿನ ಬಲೆಗೆ ಏನೂ ಸರಿಯಾಗಿ ಬೀಳದೆ ಗೋವರ್ಧನ ಒಂದು ಬಡಕಲು ಬೈಗೆ ಮೀನು ಕೊಟ್ಟು ಕೈತೊಳೆದುಕೊಂಡಿದ್ದ. "ಇದ್ ಬೆಕ್ಕಿನ್ ಮೀನಲ್ಲ ಮಾರಾಯ, ಇಲಿ ಮೀನ್" ಎಂದು ಜಲಜಕ್ಕ ವರ್ಷವಿಡೀ ಮಾರ್ಕೆಟ್ಟಿನಲ್ಲಿ ಹೇಳಿ ನಗಿಸಿದ್ದಳು. ಈ ಸಲ ಮಗಳು ಚಂದನಾಳ ಬಾಣಂತನಕ್ಕೆಂದು ಮುಂಬೈಗೆ ಹೊರಟವಳು ಚಟ್ಲಿಯನ್ನು ತಂದು ಅವನ ಮಡಿಲಿಗೆ ಹಾಕಿದಳು.

"ಹೋದ್ವರ್ಷದ್ ಬಾಕಿ ಸೇರ್ಸಿ ಕೊಡ್ಕ್. ಮತ್ತೆ ಕೇಂಡ್ಕಣ್, ನನ್ ಚಟ್ಲಿದ್ ಒಂದ್ ಕೂದ್ಲ್ ಕೊಂಕಿರೂ ನಿನ್ ಬಲಿ ನಾನೇ ಕೊಯ್ತೆ. ಇಲಿ ಬಪ್ಪುಕೆ ಕಾಯ್ತಿಲ್ಲೆ."

ಹೇಳಿದರೆ ಮಾಡುವ ಹೆಂಗಸು. ಗೋವರ್ಧನ ನಕ್ಕಿದ್ದನಾದರೂ ಒಳಗೊಳಗೇ ಹೆದರಿದ್ದ.

ಆ ಬುಧವಾರ ಬೆಳಿಗ್ಗೆ ಚಟ್ಲಿ ಬಲೆರಾಶಿಯ ಮೇಲೆ ಇರಲಿಲ್ಲ. ಹುಡುಕಿದರೆ ಹಗ್ಗದ ಸುರುಳಿಯ ಹಿಂದೆ ಮುದುಡಿ ಕೂತಿತ್ತು. ಬಲಗೆನ್ನೆ ಬಾಯೊಳಗೆ ನೆಲ್ಲಿಕಾಯಿ ಇಟ್ಟುಕೊಂಡಂತೆ ಊದಿತ್ತು. ಮುಟ್ಟಲು ಹೋದರೆ ಗುರ್ ಎಂದಿತು. ಮುಂದಿಟ್ಟ ಮೀನನ್ನು ಮೂಸಿ ಮುಖ ತಿರುಗಿಸಿತು. ಮೀನಿಗೆ ಮುಖ ತಿರುಗಿಸುವ ಚಟ್ಲಿಯನ್ನು ಗೋವರ್ಧನ ಇದುವರೆಗೆ ಕಂಡಿರಲಿಲ್ಲ.

"ಐಸ್ ಅಂಗ್ಡಿ ಗಂಡ್ ಬೆಕ್ಕ್ ಕಚ್ಚಿದ್ದೇ ಸೈ" ಎಂದ ಶೀನ. "ಒಳ್ಗೆ ಕೀವ್ ಆಯಿತ್. ನನ್ ಕಾಲಿಗ್ ತಾಗ್ದಾಗ್ಳೂ ಹೀಂಗೇ ಆದ್ದ್." ಅಂಗಿ ಕಿಸೆಯಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನೂ ಬಿಡಿಯಾದ ಒಂದು ಬಿಳಿ ಮಾತ್ರೆಯನ್ನೂ ತೆಗೆದ. "ಕಾಣ್, ಡಾಕ್ಟ್ರ್ ಕೊಟ್ಟದ್. ಎರ್ಡ್ ದಿನ ತಿಂದೆ, ಗುಣ ಆಯ್ತ್, ಬಿಟ್ಟೆ. ಒಂದ್ ಬಿಚ್ಚಿ ಅರ್ಧ ಪುಡಿ ಬಾಯಿಗ್ ಹಾಕ್. ಮೈ ಬಿಸಿ ಇತ್ತಲೆ, ಜ್ವರಕ್ಕೆ ಈ ಬಿಳಿ ಮಾತ್ರಿ ಒಂಚೂರ್."

ಗೋವರ್ಧನ ಮಾತ್ರೆಯನ್ನು ಅಂಗೈಗೆ ಬಿಡಿಸಿಕೊಂಡೂ ಆಗಿತ್ತು. ಚಟ್ಲಿ ಅವನ ಮುಖ ನೋಡಿತು. ಆ ನೋಟದೊಳಗಿನಿಂದ ಜಲಜಕ್ಕನೇ ನೋಡಿದಂತಾಯಿತು. ನಾಳೆ ಏನಾದರೂ ಆದರೆ, ‘ಶೀನ ಹೇಳಿದ, ನಾನು ಕೊಟ್ಟೆ’ ಎಂದರೆ ಕೇಳುವವಳೇ ಅವಳು? ಮಾತ್ರೆ, ಪಟ್ಟಿ ಎರಡನ್ನೂ ಕಿಸೆಗೆ ಹಾಕಿಕೊಂಡು ಎದ್ದ. ಒಂದು ಮೀನಿನ ಕ್ರೇಟ್ ತೊಳೆದು, ಹಳೆ ಗೋಣಿ ಹಾಸಿ, ಚಟ್ಲಿಯನ್ನು ಇಳಿಸಿ, ಮೇಲೆ ಬಲೆಯ ತುಂಡೊಂದನ್ನು ಎಳೆದು ಕಟ್ಟಿದ. ಅವನು ಕಟ್ಟಿದ ಬಲೆಯಿಂದ ಇದುವರೆಗೆ ಯಾವ ಮೀನೂ ತಪ್ಪಿಸಿಕೊಂಡಿರಲಿಲ್ಲ.

"ಹ್ವಾಯ್, ಎಂತ ಮೀನಾ?" ಬಸ್ಸಿನಲ್ಲಿ ಕಂಡಕ್ಟರು ಮೂಗು ಮುಚ್ಚಿಕೊಂಡೇ ಕೇಳಿದ.

"ಮೀನಲ್ಲ, ಮೀನ್ ತಿಂಬುದ್" ಎಂದ ಗೋವರ್ಧನ.

ಕುಂದಾಪುರದ ದನದ ಆಸ್ಪತ್ರೆಯಲ್ಲಿ ಡಾಕ್ಟರು ಸ್ವಾತಿ, ಬ್ರಹ್ಮಾವರದ ಕಡೆಯವರು. ಹೊರಗೆ ಎರಡು ದನ, ಒಂದು ಕುಂಟು ಆಡು ಕಾಯುತ್ತಿದ್ದವು. ಅವರು ಕ್ರೇಟನ್ನು ಬೆಕ್ಕಿನ ಸಮೇತ ತೂಗಿದರು, ಬೆಕ್ಕನ್ನು ಎತ್ತಿಕೊಂಡು ಬರಿಯ ಕ್ರೇಟನ್ನು ತೂಗಿದರು. ಮಂಪರಿನ ಇಂಜೆಕ್ಷನ್ ಕೊಟ್ಟು, ಕೆನ್ನೆಯ ಕೂದಲು ಬೋಳಿಸಿ, ಸಣ್ಣಗೆ ಕೊಯ್ದು ಕೀವು ತೆಗೆದು ತೊಳೆದರು. ಬೋಳಾದ ಆ ಜಾಗವನ್ನು ಗೋವರ್ಧನ ಬಗ್ಗಿ ಬಗ್ಗಿ ನೋಡಿದ. ಒಂದು ಕೂದಲಿನ ಮಾತಾಡಿದ್ದಳು ಜಲಜಕ್ಕ. ಇಲ್ಲಿ ರೂಪಾಯಿ ಅಗಲಕ್ಕೆ ಒಂದೂ ಉಳಿದಿರಲಿಲ್ಲ.

ಶೀನನ ಪಟ್ಟಿಯನ್ನೂ ಬಿಳಿ ಮಾತ್ರೆಯನ್ನೂ ಅವನು ಮೇಜಿನ ಮೇಲಿಟ್ಟ. "ಇದ್ ಕೊಡುಕಾತ್ತಾ ಅಂದೇಳಿ ಕೇಂಬ ಅಂತ..."

ಡಾಕ್ಟರು ಪಟ್ಟಿ ತಿರುಗಿಸಿ ನೋಡಿದರು. "ಕೊಟ್ಟಿದ್ರಿಯಾ?"

"ಇಲ್ಲ ಡಾಕ್ಟ್ರಮ್ಮ. ಕೈಯಂಗೆ ಇತ್ತ್, ಅಷ್ಟೇ."

"ಒಳ್ಳೆದಾಯ್ತ್. ಬೆಕ್ಕ್ ಅಂದ್ರೆ ಸಣ್ ಮನ್ಷ ಅಲ್ಲ ಗೋವರ್ಧನಣ್ಣ. ನಮ್ ಮದ್ದಂಗೆ ಅರ್ಧ ಮಾಡಿ ಕೊಟ್ರೆ ಅದ್ರ್ ಲೆಕ್ಕ ಆಪುದಿಲ್ಲ. ಆ ಜ್ವರದ್ ಬಿಳಿ ಮಾತ್ರಿ ಇತ್ತಲೆ, ಒಂದ್ ಚೂರ್ ಹೊಟ್ಟಿಗ್ ಹೋರೂ ಬೆಕ್ಕ್ ಸಾಯತ್ತ್. ಮತ್ತೆ ಇದ್ನ ಅರ್ಧಕ್ಕೆ ಬಿಟ್ಟದ್ ಯಾರ್?"

"ನಮ್ ಶೀನ."

"ಅವ್ರಿಗೂ ಹೇಳಿ. ಗುಣ ಆದಂಗ್ ಕಂಡದ್ದಕ್ಕೆ ಬಿಡುಕಾಗ. ರೋಗದ್ ಹುಳಗಳಂಗೆ ಸತ್ತದ್ ಬಡವ್ ಮಾತ್ರ. ಗಟ್ಟಿದ್ದ್ ಒಳ್ಗೇ ಕೂಕಂಡ್ ಇರತ್ತ್, ನಾಳಿಗೆ ಆ ಮದ್ದಿಗೆ ಹೆದ್ರುದೂ ಇಲ್ಲ." ಕಾಗದದ ಲಕೋಟೆಗೆ ಮಾತ್ರೆ ಎಣಿಸಿ ಹಾಕಿದರು. "ಇದ್ ಈ ಬೆಕ್ಕಿನ್ ತೂಕಕ್ಕೆ. ದಿನಕ್ಕೊಂದ್ ಅರ್ಧ, ಮುಗಿವಷ್ಟ್ ದಿನ. ಬೇಯಿಸಿದ್ ಮೀನಂಗೆ ಮುಳ್ಳ್ ತೆಗ್ದ್, ಒಳ್ಗೆ ಇಟ್ಟ್ ಕೊಡಿ. ಹಿಂದಿಂದ್ಲೇ ಸೂಜಿ ಇಲ್ದಿದ್ ಈ ಸಿರಿಂಜಂಗೆ ಒಂಚೂರ್ ನೀರ್, ಕೆನ್ನಿ ಬದಿಂದ, ನಿಧಾನಕ್ಕೆ. ಒಣ ಮಾತ್ರಿ ಗಂಟ್ಲಂಗೆ ಅಂಟ್ರೆ ಅಲ್ಲೇ ಸುಡತ್ತ್. ಹಾಲ್, ಮೊಸ್ರ್ ಮಾತ್ರ ಬ್ಯಾಡ. ವಾಂತಿ ಮಾಡಿರೆ, ಊಟ ಬಿಟ್ರೆ, ಫೋನ್ ಮಾಡಿ."

ಗೋವರ್ಧನ ಎಲ್ಲದಕ್ಕೂ ತಲೆಯಾಡಿಸಿದ. ಮೀನು ಎಂದ ಮೇಲೆ ಅವನಿಗೆ ಧೈರ್ಯ ಬಂದಿತ್ತು. ಮೀನಿಗೇನು ಬರವೇ?

ಅಂದೂ ಮರುದಿನವೂ ಎಲ್ಲ ಸರಿಯಾಗಿ ನಡೆಯಿತು. ಶುಕ್ರವಾರ ಚಟ್ಲಿ ಮೀನನ್ನು ಸುತ್ತಲಿಂದ ನೆಕ್ಕಿ ತಿಂದು, ಮಾತ್ರೆಯನ್ನು ಕಲ್ಲಿನ ಹಾಗೆ ಉಗುಳಿತು. ಮತ್ತೊಂದು ತುಂಡಿನಲ್ಲಿ ಇಟ್ಟು ನುಂಗಿಸುವಷ್ಟರಲ್ಲಿ ಅವನ ಮುಂಗೈ ತುಂಬ ಗೀರು. ಆದರೆ ಕೆನ್ನೆ ಇಳಿದಿತ್ತು, ರಾತ್ರಿ ಒಂದು ಇಲಿಯೂ ಬಿದ್ದಿತ್ತು.

ಶನಿವಾರ ಬಂತು. ಸೋಣದ ಶನಿವಾರ. ಗೋವರ್ಧನನ ಹೆಂಡತಿ ವಿನಯಾ ಬೆಳಿಗ್ಗೆಯೇ ಅಡುಗೆಮನೆ ತೊಳೆದು, ಮೀನಿನ ಮಣ್ಣಿನ ಗಡಿಗೆಯನ್ನು ಹೊರಗಿನ ಜಗಲಿಯಲ್ಲಿ ಬೋರಲು ಹಾಕಿದ್ದಳು. ಮದುವೆಯಾಗಿ ಬಂದಂದಿನಿಂದ ಸೋಣದ ಶನಿವಾರ, ವರ್ಷದ ಎಲ್ಲ ಸೋಮವಾರ, ಆ ಮನೆಯೊಳಗೆ ಮೀನಿನ ಮಾತೂ ಇಲ್ಲ. ಬೆಕ್ಕಿಗೆ ಒಂದು ಬಂಗುಡೆ ಬೇಯಿಸಿಕೊಡು ಎಂದು ಕೇಳಲು ಗೋವರ್ಧನನ ನಾಲಿಗೆ ಏಳಲಿಲ್ಲ. ಡಾಕ್ಟರು ಹಾಲು ಬೇಡ ಎಂದದ್ದು ನೆನಪಿತ್ತು. ಡಾಕ್ಟರು ಕುಂದಾಪುರದಲ್ಲಿದ್ದರು, ವಿನಯಾ ಅಡುಗೆಮನೆಯಲ್ಲಿದ್ದಳು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು, ಚಹಾಕ್ಕಿಟ್ಟ ಹಾಲಿನಲ್ಲಿ ಅರ್ಧ ಲೋಟ ಎತ್ತಿಕೊಂಡು ಶೆಡ್ಡಿಗೆ ಹೋಗಿ, ಮಾತ್ರೆ ಪುಡಿಮಾಡಿ ಕಲಸಿ ಇಟ್ಟ. ಚಟ್ಲಿ ಬಟ್ಟಲನ್ನು ಕನ್ನಡಿಯಂತೆ ನೆಕ್ಕಿತು. ಗೀರಿಲ್ಲ, ಗುರ್ ಇಲ್ಲ.

ಇಷ್ಟು ಸುಲಭವಿದ್ದದ್ದನ್ನು ಯಾರು ಬಿಡುತ್ತಾರೆ? ಭಾನುವಾರ ಮನೆಯಲ್ಲಿ ಮೀನಿದ್ದರೂ ಹಾಲೇ ಆಯಿತು. ಸೋಮವಾರವಂತೂ ಹೇಗೂ ಹಾಲೇ.

ಭಾನುವಾರ ಸಂಜೆ ಮುಂಬೈಯಿಂದ ಜಲಜಕ್ಕನ ವಿಡಿಯೋ ಕಾಲ್ ಬಂತು. "ಚಟ್ಲಿ ಕಾಣ್ಸ್ ಕಾಂಬ." ಗೋವರ್ಧನ ಬೆಕ್ಕನ್ನು ಎಡಗೆನ್ನೆ ಮುಂದಾಗಿ ಹಿಡಿದ.

"ಈಚಿಗ್ ತಿರ್ಗ್ಸ್."

"ಅದ್ ತಿರ್ಗುದಿಲ್ಲ ಅಕ್ಕ, ಇಲಿ ಬದಿಗ್ ಕಣ್ಣ್ ಇಟ್ಟಿತ್."

"ಹೂಂ" ಎಂದಳು ಜಲಜಕ್ಕ. ಆ ಹೂಂ ಅವನಿಗೆ ಅಷ್ಟು ಇಷ್ಟವಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ನೋಡಿದರೆ ನೆಲ್ಲಿಕಾಯಿ ತಿರುಗಿ ಬಂದಿತ್ತು. ಸಾಲದ್ದಕ್ಕೆ ಹೊಟ್ಟೆಯೂ ಕೆಟ್ಟು, ಶೀನ ಆಗತಾನೇ ಮುಗಿಸಿ ಮಡಚಿಟ್ಟ ಬಲೆಯ ಮೇಲೆ ಅದರ ಗುರುತೂ ಬಿದ್ದಿತ್ತು.

"ನಾ ಹೇಳಿದ್ದೆ, ನನ್ ಮಾತ್ರಿ ಕೊಡ್ ಅಂತ" ಎಂದ ಶೀನ, ಮೂಗು ಹಿಡಿದುಕೊಂಡು ಬಲೆ ತೊಳೆಯುತ್ತಾ.

ಗೋವರ್ಧನ ಚಟ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತ. ಜಲಜಕ್ಕನ ಬಾಯಿಗಿಂತ ಹೆಚ್ಚಾಗಿ, ಹಗ್ಗದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ ಆ ಕೆಂಚು ಮುಖ ಅವನನ್ನು ಹೆದರಿಸಿತು. ಅದು ತನ್ನನ್ನು ನಂಬಿ ಬಟ್ಟಲು ನೆಕ್ಕಿತ್ತು.

ಈ ಸಲ ವಿನಯಾಳೂ ಜೊತೆಗೆ ಬಂದಳು. ಡಾಕ್ಟರು ಕೆನ್ನೆ ಮುಟ್ಟಿ ನೋಡಿ, ಮೊದಲನೆಯದಾಗಿ ಕೇಳಿದ್ದೇ ಅದು: "ಎಂತದ್ರಂಗೆ ಕೊಟ್ರಿ?"

ಗೋವರ್ಧನ ಕ್ರೇಟಿನ ಗಂಟು ನೋಡಿದ. ಹೆಂಡತಿಯ ಮುಖ ನೋಡಿದ. "ಹಾಲಂಗೆ" ಎಂದ.

"ಹಾಲ್ ಅಂದ್ರೆ ಈ ಮಾತ್ರಿಗೆ ಬಲಿ ಇದ್ದಂಗೆ, ಗೋವರ್ಧನಣ್ಣ. ಹಾಲಂಗಿಪ್ಪು ಸುಣ್ಣ, ಕ್ಯಾಲ್ಸಿಯಂ ಅಂತ್ರಲೆ, ಅದ್ ಮದ್ದನ್ನ್ ಹಿಡ್ಕಣತ್ತ್. ಮೈಗ್ ಹೋಪುಕೆ ಬಿಡುದಿಲ್ಲ. ನೀವ್ ಮದ್ದ್ ಕೊಟ್ಟದ್ ಹೌದ್, ಬೆಕ್ಕಿಗ್ ಸಿಕ್ಕಿದ್ ಅರೆಬರೆ. ಹೊಟ್ಟಿ ಕೆಟ್ಟದ್ದೂ ಹಾಲಿಂದ್ಲೇ ಇರುಕ್ ಸಾಕ್."

ಬಲೆಯ ಮಾತು ಬಲೆಗಾರನಿಗೆ ಬೇಗ ತಿಳಿಯುತ್ತದೆ. "ಹೇಳಿದ್ರಿ ನೀವ್. ಆರೆ ಶನಿವಾರ ಮನಿಯಂಗೆ ಮೀನ್ ಬೇಯ್ಸುಕಿಲ್ಲ. ಇವ್ಳತ್ರ ಕೇಂಬುಕೆ..."

ವಿನಯಾ ನಡುವೆ ಬಾಯಿ ಹಾಕಿದಳು. "ಮನಿಗೆ ಶನಿವಾರ, ಹೌದ್. ಮನಿಗೆ ಸ್ವಾಮಾರ, ಹೌದ್. ಬಲಿ ಶೆಡ್ಡಿಗೆಂತ ಸ್ವಾಮಾರ? ಅಲ್ಲ್ ಒಂದ್ ಒಲಿ ಇತ್ತ್, ಪಾತ್ರಿ ಇತ್ತ್. ಒಂದ್ ಮಾತ್ ಕೇಂಡಿದ್ರೆ ನಾನೇ ಬೇಯ್ಸಿ ಕೊಡ್ತಿದ್ದೆ. ಬೆಕ್ಕ್ ಎಂತ ಹರಕಿ ಹೊತ್ಕಂಡಿತ್ತಾ?" ಡಾಕ್ಟರತ್ತ ತಿರುಗಿದಳು. "ಇಪ್ಪತ್ತೈದ್ ವರ್ಷ ಆಯ್ತ್ ಕಾಣಿ ಅಮ್ಮ ಮದಿ ಆಯಿ. ಕಡ್ಲಿಗೆ ಹೆದ್ರುದಿಲ್ಲ, ನಂಗ್ ಹೆದ್ರುದ್."

ಡಾಕ್ಟರು ನಗು ತಡೆಯಲಾಗದೆ ಕ್ರೇಟಿನ ಕಡೆ ಬಗ್ಗಿದರು. ಗಾಯ ಮತ್ತೆ ತೊಳೆದು, ಮಾತ್ರೆ ಮೊದಲಿನಿಂದ ಶುರುಮಾಡಬೇಕೆಂದರು.

ಅಲ್ಲಿಂದ ಕೆಲಸ ವಿನಯಾಳ ಕೈಗೆ ಹೋಯಿತು. ಶೆಡ್ಡಿನ ಒಲೆಯಲ್ಲಿ ಉಪ್ಪು ಖಾರವಿಲ್ಲದ ಬಂಗುಡೆ ಬೇಯುತ್ತಿತ್ತು. ಮೊದಲು ಮಾತ್ರೆಯಿಲ್ಲದ ಒಂದು ತುಂಡು, ನಂಬಿಕೆ ಬರಲೆಂದು, ಎರಡನೆಯದರಲ್ಲಿ ಮಾತ್ರೆ, ಅದು ಗಂಟಲಿಳಿಯುವ ಮೊದಲೇ ಮೂರನೆಯದು ಮೂಗಿನ ಮುಂದೆ. ಆಸೆಗೆ ಬಿದ್ದ ಚಟ್ಲಿ ಎರಡನೆಯದನ್ನು ಜಗಿಯದೆ ನುಂಗಿಬಿಡುತ್ತಿತ್ತು. ಗೋವರ್ಧನನ ಹಳೆ ಲುಂಗಿಯಲ್ಲಿ ಅದನ್ನು ಕೂಸಿನಂತೆ ಸುತ್ತಿ ಅವನು ಹಿಡಿದರೆ, ಅವಳು ಸಿರಿಂಜಿನಿಂದ ಕೆನ್ನೆಯ ಬದಿಗೆ ಹನಿಹನಿಯಾಗಿ ನೀರು ಬಿಡುತ್ತಿದ್ದಳು.

"ನನ್ ಕಾಲಿಗ್ ತಾಗ್ದಾಗ ನನ್ ಹೆಂಡ್ತಿ ಹೀಂಗ್ ಕಂಡಿದ್ರೆ ನಾನೂ ಪಟ್ಟಿ ಮುಗ್ಸ್ತಿದ್ದೆ" ಎಂದ ಶೀನ.

"ನಿಮ್ಮನ್ ಸುತ್ತುಕೆ ಲುಂಗಿ ಸಾಲ, ಬಲಿಯೇ ಬೇಕ್" ಎಂದಳು ವಿನಯಾ.

ಒಂದು ಸಂಜೆ ಚಟ್ಲಿ ಮದ್ದಿನ ಹೊತ್ತಿಗೆ ನಾಪತ್ತೆಯಾಗಿ, ಮರುದಿನ ಸಂಜೆಗೆ ಏನೂ ಆಗದವರಂತೆ ಬಂದು ಕೂತಿತು. ನಿನ್ನೆಯದೂ ಇವತ್ತಿನದೂ ಸೇರಿಸಿ ಕೊಟ್ಟುಬಿಡುವ ಎಂದು ಗೋವರ್ಧನ ಹೊರಟಾಗ, ಹಾಲಿನ ನೆನಪು ಅವನ ಕೈ ಹಿಡಿಯಿತು. ಫೋನ್ ಮಾಡಿದ. ಎರಡು ಸೇರಿಸಬೇಡಿ, ಇವತ್ತಿನದಷ್ಟೇ ಕೊಡಿ, ತಪ್ಪಿದ್ದನ್ನು ಕೊನೆಗೆ ಕೊಟ್ಟರಾಯಿತು ಎಂದರು ಡಾಕ್ಟರು. ಕೇಳಿದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು. ಆ ಮಾತನ್ನು ಅವನು ಹೆಂಡತಿಗೆ ಎರಡು ಸಲ ಹೇಳಿದ.

ಕೆನ್ನೆ ಇಳಿಯಿತು. ಬೋಳಾದ ಜಾಗದಲ್ಲಿ ಕೂದಲು ಬರುವ ಮೊದಲೇ ಜಲಜಕ್ಕ ಬಂದುಬಿಟ್ಟಳು. ಬೈಂದೂರಿನಲ್ಲಿ ರೈಲಿಳಿದು, ಮೊಮ್ಮಗುವಿನ ಫೋಟೋ ತುಂಬಿದ ಫೋನನ್ನು ಕೈಯಲ್ಲಿ ಹಿಡಿದು, ಚೀಲಗಳನ್ನು ಆಟೋದಲ್ಲೇ ಬಿಟ್ಟು ನೇರ ಶೆಡ್ಡಿಗೆ. ಚಟ್ಲಿಯನ್ನು ಎತ್ತಿ ಮೊದಲು ತಿರುಗಿಸಿ ನೋಡಿದ್ದೇ ಬಲಗೆನ್ನೆಯನ್ನು.

"ಒಂದ್ ಕೂದ್ಲ್ ಕೊಂಕಿರೆ ಅಂದಿದ್ದೆ" ಎಂದಳು. "ನೀ ಬೋಳ್ಸೇ ಬಿಟ್ಯಲ್ಲ ಮಾರಾಯ."

"ಅಕ್ಕ, ಅದ್..."

"ಫೋನಂಗೆ ಬರೀ ಎಡ್ಗೆನ್ನಿ ಕಾಣ್ಸ್‌ದಾಗ್ಳೇ ನಂಗ್ ಗೊತ್ತಾಯ್ತ್. ಮೀನ್ ಮಾರಿ ಬದ್ಕಿದವ್ಳ್ ನಾನ್. ಒಂದೇ ಬದಿ ಕಾಣ್ಸಿ ಮಾರು ಮೀನ್ ಎಂತದ್ ಅಂತ ನಂಗ್ ಹೇಳ್ಕಾ? ವಿನಯನತ್ರ ಕೇಂಡೆ, ಎಲ್ಲ ಹೇಳಿತ್ ಅದ್."

ಗೋವರ್ಧನ ಹೆಂಡತಿಯ ಕಡೆ ನೋಡಿದ. ಅವಳು ಒಲೆ ಊದುವುದರಲ್ಲಿ ಮಗ್ನಳಾಗಿದ್ದಳು.

"ಬಲಿ ಕೊಯ್ತ್ಯಾ ಅಕ್ಕ?"

ಜಲಜಕ್ಕ ಬೆಕ್ಕಿನ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗಟ್ಟಿಯಿಲ್ಲ, ಬಿಸಿಯಿಲ್ಲ. ಚಟ್ಲಿ ಕಣ್ಣು ಮುಚ್ಚಿ ಹಾಯಾಗಿ ಗೊರಗೊರ ಎನ್ನತೊಡಗಿತು. "ಮದ್ದ್ ಮುಗಿದಿತ್ತಾ?"

"ಇನ್ನೂ ಒಂಚೂರ್ ಇತ್ತ್."

"ಹಂಗಾರೆ ನಾ ಒಪ್ಸ್ಕಂತಿಲ್ಲೆ. ತಕಂಡ್ ಹೋದಂಗೇ ಕೊಡ್ಕ್. ಮುಗ್ಸ್ ಮೊದ್ಲ್." ಹೀಗೆಂದು ಹೋದವಳು ದಿನವೂ ಮದ್ದಿನ ಹೊತ್ತಿಗೆ ಬಂದು, ಬಲೆರಾಶಿಯ ಮೇಲೆ ಕೂತು, ಎಲೆಯಡಿಕೆ ಹಾಕುತ್ತಾ, ಗೋವರ್ಧನ ಲುಂಗಿ ಸುತ್ತುವ ರೀತಿಯಲ್ಲಿ ಕೊಂಕು ಹುಡುಕುತ್ತಿದ್ದಳು.

ಶುಕ್ರವಾರ ರಾತ್ರಿ ಕಡಲು ತಣ್ಣಗಾಯಿತು. ಶನಿವಾರ ನಸುಕಿಗೆ ದೋಣಿ ಇಳಿಯಿತು. ಇಲಿಯ ಹಲ್ಲು ತಾಗದ ಬಲೆ ಒಂದೇ ಸಲಕ್ಕೆ ಹರಡಿ, ತುಂಬಿ ಬಂತು. ಬಂಗುಡೆಗಳ ನಡುವೆ ಮೊಣಕೈಯುದ್ದದ ಒಂದು ಅಂಜಲ್. ಉಳಿದದ್ದೆಲ್ಲ ದಡದಲ್ಲೇ ಮಾರಿಹೋಯಿತು. ಅಂಜಲನ್ನು ಗೋವರ್ಧನ ಎದೆಗವಚಿಕೊಂಡು, ಎರಡು ವರ್ಷದ ಬಾಕಿ ಇವತ್ತಿಗೆ ತೀರಿತೆಂದು ಜಲಜಕ್ಕನ ಅಂಗಳಕ್ಕೆ ಹೋದ. ಹೊಸ್ತಿಲಿನಲ್ಲಿ ಹೂವಿತ್ತು.

"ಅಲ್ಲೇ ನಿಲ್ಲ್" ಎಂದಳು ಜಲಜಕ್ಕ ಒಳಗಿನಿಂದ. "ಇವತ್ತ್ ಸ್ವಾಣಿ ಶನಿವಾರ. ಮೀನ್ ಹೊಸ್ತಿಲ್ ದಾಂಟುಕಿಲ್ಲ."

"ನಾಳಿಗ್ ತತ್ತೆ ಹಂಗಾರೆ."

"ಶೆಡ್ಡಿಗ್ ನಡಿ, ನಾನೂ ಬತ್ತೆ. ಇವತ್ತ್ ಕಡೀ ಮಾತ್ರಿ ಅಲ್ದಾ?"

ಶೆಡ್ಡಿನಲ್ಲಿ ವಿನಯಾ ನೀರು ಕಾಯಿಸಿಟ್ಟು, ಬರಿಯ ಪಾತ್ರೆ ನೋಡುತ್ತಾ ಕೂತಿದ್ದಳು. ಶನಿವಾರವಾದ್ದರಿಂದ ಓಣಿಗೆ ಮೀನಿನ ಹೆಂಗಸು ಬಂದಿರಲಿಲ್ಲ. ಬಂಗುಡೆಯೊಂದನ್ನು ತೆಗೆದಿಡಲು ಮೊದಲ ದಿನದ ಸಂಭ್ರಮದಲ್ಲಿ ಗೋವರ್ಧನನಿಗೂ ಶೀನನಿಗೂ ನೆನಪಾಗಿರಲಿಲ್ಲ. ಚಟ್ಲಿ ಕಾದು ಕೂತು ಬಾಲ ಬಡಿಯುತ್ತಿತ್ತು.

"ಒಂದ್ ಮಾತ್ರಿ ಅಲ್ದಾ, ಗುಣ ಆಯಿತ್ತಲೆ" ಎಂದ ಶೀನ. "ನಾಳಿಗ್ ಕೊಟ್ರೂ ಸೈ, ಬಿಟ್ರೂ ಸೈ. ಇಟ್ಕಂಡ್ರೆ ಬಪ್ಪು ವರ್ಷಕ್ಕಾತ್ತ್."

"ಬಿಡುಕಿಲ್ಲ. ಇಟ್ಕಂಬುಕೂ ಇಲ್ಲ" ಎಂದ ಗೋವರ್ಧನ. ಆದರೆ ಅವನ ಕೈಯಲ್ಲಿದ್ದದ್ದು ಒಂದೇ ಮೀನು, ಅದು ಬೆಕ್ಕಿನ ಮೀನು. ಕೊಯ್ದರೆ ಬೆಕ್ಕಿನ ಮೀನಾಗಿ ಉಳಿಯುವುದಿಲ್ಲ. ಅಂಜಲನ್ನೂ ಚಟ್ಲಿಯನ್ನೂ ನೋಡುತ್ತಾ ನಿಂತ.

ಜಲಜಕ್ಕ ಅವನ ಕೈಯಿಂದ ಮೀನನ್ನು ತೆಗೆದುಕೊಂಡಳು. ತಿರುಗಿಸಿ ಎರಡೂ ಬದಿ ನೋಡಿದಳು, ಕಿವಿರು ಎತ್ತಿ ನೋಡಿದಳು. "ಒಳ್ಳೆ ಮೀನ್" ಎಂದಳು, ಮನಸ್ಸಿನಿಂದ. ಆಮೇಲೆ ಮೂಲೆಯಲ್ಲಿದ್ದ ಕತ್ತಿಯನ್ನು ಕಾಲಡಿ ಇಟ್ಟು ಕೂತು, ಹೊಟ್ಟೆಯ ಮೆತ್ತಗಿನ ಭಾಗದಿಂದ ಒಂದು ತುಂಡು ಕೊಯ್ದು, ಕಾದ ನೀರಿಗೆ ಹಾಕಿದಳು.

ಬೆಂದು, ಆರಿ, ಮುಳ್ಳು ಬಿಡಿಸಿದ ಅಂಜಲ್. ಮೊದಲು ಬರಿಯ ತುಂಡು, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಮೂಗಿನ ಮುಂದೆ. ಅಂಥ ಮೀನನ್ನು ಕಂಡ ಚಟ್ಲಿಗೆ ಲುಂಗಿಯೂ ಬೇಕಾಗಲಿಲ್ಲ. ವಿನಯಾ ನೀರು ಬಿಟ್ಟಳು. ಗೋವರ್ಧನ ಖಾಲಿ ಲಕೋಟೆಯನ್ನು ಒಲೆಗೆ ಹಾಕಿದ.

"ಹಂಗಾರೆ ಬಾಕಿ ಮುಗಿತಲ್ಲ ಅಕ್ಕ" ಎಂದ.

"ಎಂತ ಮುಗಿತ್?" ಜಲಜಕ್ಕ ಕತ್ತಿ ತೊಳೆಯುತ್ತಾ ಕೇಳಿದಳು. "ಬೆಕ್ಕಿನ್ ಮೀನ್ ಅಂದ್ರೆ ಇಡೀ ಮೀನ್ ಆಯ್ಕ್. ಇದ್ ಕೊಯ್ದದ್."

"ಕೊಯ್ದದ್ ನೀನೇ ಅಲ್ದಾ?"

"ಯಾರ್ ಕೊಯ್ರೂ ಕೊಯ್ದದ್ದೇ. ಉಳ್ದದ್ ಐಸಂಗ್ ಇಡ್, ನಾಳಿಗೆ ಮೂರ್ ಮನಿಗೂ ಪಾಲ್ ಮಾಡ್ವ. ಅದ್ ಪಾಲ್. ಬಾಕಿ ಬೇರೆ." ಅವಳು ಚಟ್ಲಿಯನ್ನು ಸೊಂಟಕ್ಕೆತ್ತಿಕೊಂಡಳು. ಬಲಗೆನ್ನೆಯ ಮೇಲೆ ಕೆಂಚು ಕೂದಲು ಹೊಸ ಭತ್ತದ ಸಸಿಯಷ್ಟು ಸಣ್ಣಗೆ ಎದ್ದಿತ್ತು. ಅದರ ಮೇಲೆ ಬೆರಳಾಡಿಸಿದಳು. "ಎರ್ಡ್ ವರ್ಷದ್ ಇತ್ತ್, ಬಪ್ಪು ವರ್ಷಕ್ಕೆ ಮೂರಾತ್ತ್. ತೀರ್ಸುವರಿಗೆ ಬೆಕ್ಕ್ ಬೇರೆ ಶೆಡ್ಡಿಗ್ ಕೊಡ್ತಿಲ್ಲೆ, ಹೆದ್ರಬ್ಯಾಡ."

ಅವಳು ಹೊರಟುಹೋದ ಮೇಲೆ ಗೋವರ್ಧನ ಉಳಿದ ಅಂಜಲನ್ನು ಐಸಿಗೆ ಹಾಕಲು ಹೋದ. ಆಮೇಲೆ ಒಳಗೆ ಬಂದು, ಆ ದಿನ ಹರಿದ ಎರಡು ಕಣ್ಣುಗಳನ್ನು ಹುಡುಕಿ, ಬಲೆಯ ಅಂಚನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂತ.